ಕಥೆಯನ್ನು ನಂಬಬೇಕೋ, ತಾರೀಖನ್ನು ನಂಬಬೇಕೋ: ಒಂದು ನಂಬು ಪಿಸ್ತೂಲಿನ ಪ್ರಶ್ನೆ

ಪ್ರಶ್ನೆ: ನಾನು ಹಾಸನದ ಕಡೆಯವನು. 14 ವರ್ಷದಿಂದ ಅಮೆರಿಕದ ಓಹಿಯೋದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುವಾಗ ತಮ್ಮ ತಂದೆಯ ಕಾಲದ ಒಂದು ಜಪಾನಿ ಪಿಸ್ತೂಲನ್ನು ನನಗೆ ಕೊಟ್ಟರು. ಬಂದೂಕಿನ ಅಂಗಡಿಯ ಮೂಲಕವೇ ಕಾಗದಪತ್ರ ಮಾಡಿಸಿದ್ದೇವೆ. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 1ನೇ ಮರೀನ್ ಡಿವಿಜನ್‌ನಲ್ಲಿದ್ದರಂತೆ. ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದ ಯುದ್ಧದಲ್ಲಿ ಒಬ್ಬ ಜಪಾನಿ ಅಧಿಕಾರಿಯ ಸೊಂಟದಿಂದ ತೆಗೆದುಕೊಂಡದ್ದು ಎಂದು ಮನೆಯವರ ಮಾತು. ಬಲಗಡೆ ಒಂದು ಜಪಾನಿ ಅಕ್ಷರ, ಅದರ ಮುಂದೆ 18.10 ಎಂದಿದೆ. ವೃತ್ತದೊಳಗೆ ಎರಡು ಮೀನಿನಂಥ ಗುರುತು ಇದೆ. ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ದೊಡ್ಡದು. ಗುಂಡು ತುಂಬುವ ಮ್ಯಾಗಜೀನ್ ಬೆಳ್ಳಗೆ ಹೊಳೆಯುತ್ತದೆ, ಆದರೆ ಅದರ ನಂಬರು ಪಿಸ್ತೂಲಿನ ನಂಬರಿಗೆ ಹೊಂದುವುದಿಲ್ಲ. ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನಿನ ನಂಬರೂ ಬೇರೆ. ಒಬ್ಬ ವ್ಯಾಪಾರಿ ‘ಇದು ಅಪರೂಪದ ಕಿಸ್ಕಾ ಮಾಡೆಲ್’ ಎಂದರು. ಇನ್ನೊಬ್ಬರು ‘ಗಾರ್ಡ್ ಆಮೇಲೆ ಹಾಕಿದ್ದು, ಸೇವಂತಿಗೆ ಮುದ್ರೆಯೂ ಇಲ್ಲ, ಇದು ಜೋಡಿಸಿದ ಮಾಲು’ ಎಂದರು. ಹೊಸದಾಗಿ ಬ್ಲೂಯಿಂಗ್ (ಲೋಹಕ್ಕೆ ಕಡುನೀಲಿ ಬಣ್ಣ) ಮಾಡಿ, ಮ್ಯಾಗಜೀನ್ ಮೇಲೆ ಸರಿಯಾದ ನಂಬರು ಹೊಡೆದು ಕೊಡುತ್ತೇನೆ ಎಂದೂ ಹೇಳಿದರು. ಯಾರ ಮಾತು ಸರಿ? ಇದನ್ನು ಹಾರಿಸಬಹುದೇ? ಮುಂದಿನ ಸಲ ಊರಿಗೆ ಬರುವಾಗ ಅಪ್ಪನಿಗೆ ತೋರಿಸಲು ತರಬಹುದೇ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಆಮೇಲೆ ಮುಂದೆ ಓದಿ. ಮ್ಯಾಗಜೀನ್ ಹೊರಗೆ ತೆಗೆಯಿರಿ. ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಹಿಂದಿನ ಗುಂಡಿಯನ್ನು ಪೂರ್ತಿ ಎಳೆದು, ಒಳಗೆ ಗುಂಡು ಇಲ್ಲ ಎಂದು ಬೆಳಕಿನಲ್ಲಿ ಕಣ್ಣಾರೆ ನೋಡಿ. ಈ ಪಿಸ್ತೂಲಿಗೆ ಹೊರಗೆ ಕಾಣುವ ಹ್ಯಾಮರ್ (ಬಡಿಯುವ ಸುತ್ತಿಗೆ) ಇಲ್ಲ. ಸಿಡಿಯಲು ಸಿದ್ಧವಾಗಿದೆಯೋ ಇಲ್ಲವೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಎಂಬತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಪಿಸ್ತೂಲಿನೊಳಗೆ ಗುಂಡು ಸಿಕ್ಕಿದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ. ಹಳೆ ಆಯುಧಗಳ ಸಂರಕ್ಷಣೆ ನನ್ನ ಹೊಟ್ಟೆಪಾಡು. ಆ ಎರಡು ಸಲದ ನಂತರ, ಯಾರು ಏನು ಕೇಳಿದರೂ ಇದೇ ಮಾತಿನಿಂದ ಶುರು ಮಾಡುತ್ತೇನೆ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬೇರೆ ಬೇರೆ ಇದ್ದರೂ ಕಳವಳ ಒಂದೇ. ಪ್ರೀತಿಯಿಂದ ಕೊಟ್ಟ ವಸ್ತು ಅಸಲಿಯೋ, ಯಾರೋ ಅಲ್ಲಿಂದ ಇಲ್ಲಿಂದ ತುಂಡು ತಂದು ಜೋಡಿಸಿದ್ದೋ ಎನ್ನುವುದು. ನೀವು ಹೇಳಿದ ಗುರುತುಗಳನ್ನೂ ಕಳಿಸಿದ ಫೋಟೋಗಳನ್ನೂ ನೋಡಿದರೆ ನನಗೆ ಅನುಮಾನವಿಲ್ಲ. ಇದು ಅಸಲಿ ಪಿಸ್ತೂಲು. ಗಾರ್ಡ್ ಕೂಡ ಅದರದೇ ಕಾಲದ್ದು. ಇಬ್ಬರು ವ್ಯಾಪಾರಿಗಳೂ ಅರ್ಧರ್ಧ ತಪ್ಪು. ಆದರೆ ಮನೆಯವರ ಕಥೆಯಲ್ಲೂ ಒಂದು ತೊಡಕಿದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲು ಹೆಸರು. ನಿಮ್ಮ ಕೈಯಲ್ಲಿರುವುದನ್ನು ಸಂಗ್ರಾಹಕರು ಟೈಪ್ 14 ನಂಬು ಎನ್ನುತ್ತಾರೆ. ಇದರ ಮೂಲ ವಿನ್ಯಾಸ ಮಾಡಿದವರು ಕಿಜಿರೋ ನಂಬು, ಜಪಾನ್ ಸೇನೆಯ ಅಧಿಕಾರಿ. 1869ರಲ್ಲಿ ಹುಟ್ಟಿ 1949ರಲ್ಲಿ ತೀರಿಕೊಂಡರು. 14 ಎಂದರೆ 1914 ಅಲ್ಲ, ಈ ತಪ್ಪು ತುಂಬ ಜನ ಮಾಡುತ್ತಾರೆ. ಅದು ತೈಶೋ ಚಕ್ರವರ್ತಿಯ ಆಳ್ವಿಕೆಯ 14ನೇ ವರ್ಷ, ಅಂದರೆ 1925. ಆ ವರ್ಷ ಸೇನೆ ಈ ಮಾದರಿಯನ್ನು ಒಪ್ಪಿಕೊಂಡಿತು. ಬಲಗಡೆಯ 18.10 ಇನ್ನೊಂದು ಲೆಕ್ಕ. ಅದರ ಹಿಂದಿರುವ ಅಕ್ಷರ ಶೋವಾ ಕಾಲದ ಗುರುತು. ಶೋವಾ 18ನೇ ವರ್ಷ, 10ನೇ ತಿಂಗಳು. ನಮ್ಮಲ್ಲಿ ಶಾಸನ ಓದುವವರು ಶಕ ವರ್ಷಕ್ಕೆ 78 ಕೂಡಿಸಿ ಇಸವಿ ತೆಗೆಯುತ್ತಾರಲ್ಲ, ಹಾಗೇ ಇಲ್ಲೂ. ಶೋವಾ ಆದರೆ 1925 ಕೂಡಿಸಿ, ತೈಶೋ ಆದರೆ 1911, ಮೇಜಿ ಆದರೆ 1867. ನಿಮ್ಮದು 1943ರ ಅಕ್ಟೋಬರ್‌ನಲ್ಲಿ ತಯಾರಾದದ್ದು.

ಇದೇ ಜಪಾನಿನ ಇನ್ನೊಂದು ಪಿಸ್ತೂಲು ಟೈಪ್ 94. ಅದರ ಲೆಕ್ಕ ಚಕ್ರವರ್ತಿಯ ಆಳ್ವಿಕೆಯದೂ ಅಲ್ಲ, ಜಪಾನಿನ ಮೊದಲ ಚಕ್ರವರ್ತಿಯಿಂದ ಎಣಿಸುವ 2594ನೇ ವರ್ಷದ ಕೊನೆಯ ಎರಡು ಅಂಕಿ. ಅಂದರೆ 1934. ಟೈಪ್ 26 ಎಂಬ ರಿವಾಲ್ವರ್‌ದು ಮೇಜಿ 26, ಅಂದರೆ 1893. ಹೀಗೆ ಮೂರು ಆಯುಧಗಳ ಹೆಸರಿನಲ್ಲಿ ಮೂರು ಬೇರೆ ಲೆಕ್ಕಗಳಿವೆ. ಲೆಕ್ಕ ತಪ್ಪಿದವರಿಗೆ ಉಳಿದದ್ದೆಲ್ಲ ತಪ್ಪುತ್ತದೆ.

ಈಗ ಎಡಗಡೆ ನೋಡಿ. ಸೇಫ್ಟಿಯ ಸಣ್ಣ ಹಿಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅರ್ಧ ಸುತ್ತು ತಿರುಗುತ್ತದೆ. ಹಿಡಿದ ಕೈಯ ಹೆಬ್ಬೆರಳಿನಿಂದ ಅದು ಆಗುವುದಿಲ್ಲ, ಇನ್ನೊಂದು ಕೈ ಬೇಕು. ಎರಡು ತುದಿಗಳಲ್ಲಿ ಎರಡು ಅಕ್ಷರ ಕೆತ್ತಿದ್ದಾರೆ. ಒಂದು, ಕಾಲು ಅಗಲಿಸಿ ನಿಂತ ಮನುಷ್ಯನ ಎರಡೂ ಪಕ್ಕ ಕಿಡಿ ಹಾರಿದಂತೆ ಕಾಣುತ್ತದೆ. ಅದು ಬೆಂಕಿ. ಇನ್ನೊಂದು, ಚಾವಣಿಯ ಕೆಳಗೆ ಕೂತ ಹೆಂಗಸಿನಂತೆ. ಅದು ಕ್ಷೇಮ. ಜಪಾನಿ ಬಾರದಿದ್ದರೂ ಈ ಎರಡು ಅಕ್ಷರ ಕಲಿತುಕೊಳ್ಳಿ. ಅವುಗಳ ಅಂಚು ಚೂಪಾಗಿದೆಯೋ, ಉಜ್ಜಿ ಮಂಕಾಗಿದೆಯೋ ಎಂಬುದೇ ಪಿಸ್ತೂಲನ್ನು ಯಾರಾದರೂ ಪಾಲಿಶ್ ಮಾಡಿದ್ದಾರೋ ಇಲ್ಲವೋ ಎಂದು ಮೊದಲು ಹೇಳುತ್ತದೆ. ನಿಮ್ಮ ಫೋಟೋದಲ್ಲಿ ಅಂಚುಗಳು ಚೆನ್ನಾಗಿವೆ.

ವೃತ್ತದೊಳಗಿನ ಎರಡು ಮೀನು ನಗೋಯಾ ಶಸ್ತ್ರ ಕಾರ್ಖಾನೆಯ ಗುರುತು. ನಗೋಯಾ ಕೋಟೆಯ ಮಾಡಿನ ಮೇಲೆ ಎರಡು ಚಿನ್ನದ ಮೀನಿನ ಬೊಂಬೆಗಳಿವೆ, ಹುಲಿಮುಖದ ಪುರಾಣದ ಮೀನು. ಅದನ್ನೇ ಸಂಕ್ಷೇಪ ಮಾಡಿ ಗುರುತು ಮಾಡಿಕೊಂಡರು. ಟೈಪ್ 14 ಒಂದೇ ಕಡೆ ತಯಾರಾಗಲಿಲ್ಲ. 1926ರ ಕೊನೆಗೆ ನಗೋಯಾದಲ್ಲಿ ಶುರುವಾಯಿತು, ಕೆಲವು ವರ್ಷ ಟೋಕಿಯೋ ಕಾರ್ಖಾನೆಯಲ್ಲಿ ಆಯಿತು. 1933ರ ಕೊನೆಯಿಂದ ನಂಬು ಅವರೇ ನಿವೃತ್ತಿಯ ನಂತರ ಕಟ್ಟಿದ ಕಂಪನಿಯಲ್ಲಿ ಆಯಿತು. ಆ ಕಂಪನಿ ಮುಂದೆ ಚುವೋ ಕೊಗ್ಯೋ ಎಂಬ ಹೆಸರು ಪಡೆಯಿತು. 1941ರ ಕೊನೆಯಿಂದ ಯುದ್ಧ ಮುಗಿಯುವವರೆಗೆ ನಗೋಯಾದ ತೊರಿಯಿಮಾತ್ಸು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಆಯಿತು. ಮೀನಿನ ಪಕ್ಕದಲ್ಲಿ ನಂಬು ಕಂಪನಿಯ ಗುರುತು ಇಲ್ಲ, ತಾರೀಖು 18.10. ಹಾಗಾಗಿ ನಿಮ್ಮದು ತೊರಿಯಿಮಾತ್ಸುವಿನಲ್ಲಿ ಹುಟ್ಟಿದ್ದು.

ಸೇವಂತಿಗೆ ಮುದ್ರೆಯ ಮಾತನ್ನು ಇಲ್ಲೇ ಮುಗಿಸೋಣ. ಚಕ್ರವರ್ತಿಯ ಸೇವಂತಿಗೆ ಮುದ್ರೆ ಇರುತ್ತಿದ್ದದ್ದು ಜಪಾನಿ ರೈಫಲ್‌ಗಳ ಮೇಲೆ. ಶರಣಾದ ಮೇಲೆ ಎಷ್ಟೋ ರೈಫಲ್‌ಗಳ ಮುದ್ರೆಯನ್ನು ಉಜ್ಜಿ ಅಳಿಸಿದರು, ಆ ಕಥೆ ಎಲ್ಲರಿಗೂ ಗೊತ್ತು. ಅದನ್ನು ಪಿಸ್ತೂಲಿಗೂ ಅಂಟಿಸಿಬಿಟ್ಟಿದ್ದಾರೆ. ಟೈಪ್ 14ಕ್ಕೆ ಆ ಮುದ್ರೆ ಇರಲೇ ಇಲ್ಲ. ಇಲ್ಲದ ಮುದ್ರೆ ಇಲ್ಲ ಎಂದು ನಕಲಿ ಎನ್ನುವುದು ಸರಿಯಲ್ಲ.

ಇನ್ನು ದೊಡ್ಡ ಗಾರ್ಡ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಪಿಸ್ತೂಲಿನ ಬದಲಾವಣೆಗಳ ಕಥೆಯೇ ಇಲ್ಲಿದೆ.

ಮೊದಲ ಟೈಪ್ 14ಗಳ ಗಾರ್ಡ್ ಚಿಕ್ಕದು, ದುಂಡಗೆ ಇತ್ತು. 1930ರ ದಶಕದಲ್ಲಿ ಜಪಾನಿ ಸೇನೆ ಮಂಚೂರಿಯದಲ್ಲಿತ್ತು. ಅಲ್ಲಿಯ ಚಳಿಗೆ ದಪ್ಪ ಕೈಗವಸು ಹಾಕದೆ ಇರುವ ಹಾಗಿಲ್ಲ. ಕೈಗವಸು ಹಾಕಿದ ಬೆರಳು ಚಿಕ್ಕ ಗಾರ್ಡಿನೊಳಗೆ ಹೋಗುವುದಿಲ್ಲ. ಹಾಗಾಗಿ 1939ರ ಕೊನೆಯ ಹೊತ್ತಿಗೆ ಗಾರ್ಡನ್ನು ಮುಂದಕ್ಕೆ ಉಬ್ಬಿಸಿ ದೊಡ್ಡದು ಮಾಡಿದರು. ಅದರ ಬೆನ್ನಿಗೇ ಹಿಡಿಯ ಮುಂಭಾಗದಲ್ಲಿ ಒಂದು ಸಣ್ಣ ಪಟ್ಟಿ ಸ್ಪ್ರಿಂಗ್ ಸೇರಿಸಿದರು, ಮ್ಯಾಗಜೀನ್ ತಾನಾಗಿ ಜಾರಿ ಬೀಳದಿರಲಿ ಎಂದು. ಆ ಸ್ಪ್ರಿಂಗ್ ನಿಮ್ಮದರಲ್ಲೂ ಇದೆ, ನಡುಬೆರಳು ಕೂರುವ ಕಡೆ ಸವರಿ ನೋಡಿ, ಉಗುರಿಗೆ ಸಿಗುತ್ತದೆ. ಕೆಲಸ ಮಾಡಿತು, ಆದರೆ ಇನ್ನೊಂದು ತೊಂದರೆ ತಂದಿತು. ಈ ಪಿಸ್ತೂಲಿನಲ್ಲಿ ಕೊನೆಯ ಗುಂಡು ಹೋದ ಮೇಲೆ ಬೋಲ್ಟನ್ನು (ನಳಿಗೆಯ ಹಿಂಬಾಯಿ ಮುಚ್ಚುವ ತುಂಡನ್ನು) ಹಿಂದೆ ತಡೆದು ನಿಲ್ಲಿಸುವುದು ಮ್ಯಾಗಜೀನ್ ಒಳಗಿನ ತಟ್ಟೆಯೇ. ಬೋಲ್ಟ್ ಅದರ ಮೇಲೆ ಒತ್ತುತ್ತಿರುತ್ತದೆ. ಅದರ ಜೊತೆಗೆ ಈ ಸ್ಪ್ರಿಂಗಿನ ಹಿಡಿತ. ಖಾಲಿ ಮ್ಯಾಗಜೀನ್ ಎಳೆದು ತೆಗೆಯಲು ಎರಡೂ ಕೈಯ ಬಲ ಬೇಕು. ಯುದ್ಧದ ನಡುವೆ, ಬೆವರಿದ ಕೈಯಲ್ಲಿ ಇದನ್ನು ಎಳೆದವರ ಪಾಡು ನನಗೆ ಪ್ರತಿ ಸಲ ನೆನಪಾಗುತ್ತದೆ.

ಕಿಸ್ಕಾ ಎನ್ನುವುದು ಅಲಾಸ್ಕಾದ ಕಡೆಯ ಅಲ್ಯೂಷಿಯನ್ ದ್ವೀಪಗಳಲ್ಲಿ ಒಂದು. 1942ರ ಜೂನ್‌ನಲ್ಲಿ ಜಪಾನಿಯರು ಹಿಡಿದರು, 1943ರ ಜುಲೈನಲ್ಲಿ ಗುಟ್ಟಾಗಿ ಖಾಲಿ ಮಾಡಿ ಹೋದರು. ದೊಡ್ಡ ಗಾರ್ಡಿನ ಪಿಸ್ತೂಲನ್ನು ಆ ಚಳಿ ದ್ವೀಪದ ಜೊತೆ ಸೇರಿಸಿ ಅಮೆರಿಕದ ಸಂಗ್ರಾಹಕರು ಕಿಸ್ಕಾ ಮಾಡೆಲ್ ಎಂದು ಕರೆದರು. ಹೆಸರು ಉಳಿಯಿತು. ಜಪಾನಿನಲ್ಲಿ ಹಾಗೊಂದು ಮಾಡೆಲ್ ಇರಲಿಲ್ಲ. ಅಪರೂಪದ್ದೂ ಅಲ್ಲ. ತಯಾರಾದ ಟೈಪ್ 14ಗಳಲ್ಲಿ ದೊಡ್ಡ ಗಾರ್ಡಿನವೇ ಜಾಸ್ತಿ. ಆ ಹೆಸರಿಗೆ ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಕೊಡಬೇಡಿ.

‘ಗಾರ್ಡ್ ಆಮೇಲೆ ಹಾಕಿದ್ದು’ ಎಂದವರಿಗೆ ಅನುಮಾನ ಯಾಕೆ ಬಂತು ಎಂದು ನನಗೆ ಅರ್ಥವಾಗುತ್ತದೆ. ಈ ಪಿಸ್ತೂಲಿನಲ್ಲಿ ಗಾರ್ಡ್ ಬಿಚ್ಚಿ ತೆಗೆಯಬಹುದಾದ ಬೇರೆ ತುಂಡು. ಬದಲಾಯಿಸುವುದು ಸುಲಭ. ಆದರೆ ಅನುಮಾನ ಪಡುವ ಮೊದಲು ತಾರೀಖು ನೋಡಬೇಕು. 1943ರ ಅಕ್ಟೋಬರ್‌ನ ಪಿಸ್ತೂಲಿಗೆ ದೊಡ್ಡ ಗಾರ್ಡೇ ಇರಬೇಕು. ಚಿಕ್ಕದಿದ್ದರೆ ಕೇಳಬೇಕಿತ್ತು, ಇದು ಎಲ್ಲಿಂದ ಬಂತು ಎಂದು. ಒಂದು ಬದಲಾವಣೆಯನ್ನು ಸುಮ್ನೆ ಅದೊಂದನ್ನೇ ನೋಡಿ ಸರಿ ತಪ್ಪು ಹೇಳಲಾಗದು. ಆ ತಿಂಗಳಿಗೆ, ಆ ಕಾರ್ಖಾನೆಗೆ ಅದು ಹೊಂದುತ್ತದೆಯೋ ಎಂದು ಕೇಳಬೇಕು.

ಇದು ನಮಗೆ ಹೇಗೆ ಗೊತ್ತಾಯಿತು ಎನ್ನುವುದೂ ತಿಳಿಯಬೇಕಾದ ವಿಷಯ. 1945ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಸೇನೆಯ ಕಾಗದಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಯಾವ ತಿಂಗಳು ಯಾವ ತುಂಡು ಬದಲಾಯಿತು ಎಂದು ತಿಂಗಳು ತಿಂಗಳು ಹೇಳುವ ಕಡತ ಉಳಿಯಲಿಲ್ಲ. ಉಳಿದದ್ದು ಪಿಸ್ತೂಲುಗಳು ಮಾತ್ರ. ಹಾಗಾಗಿ ಸಂಗ್ರಾಹಕರು ಉಳಿದ ಪಿಸ್ತೂಲುಗಳಿಂದಲೇ ಹಿಂದಕ್ಕೆ ಹೋದರು. ಸಿಕ್ಕ ಪ್ರತಿ ಪಿಸ್ತೂಲಿನ ನಂಬರು, ತಿಂಗಳು, ಗಾರ್ಡ್, ಸ್ಪ್ರಿಂಗ್, ಹಿಡಿಯ ಮರದ ಗೆರೆ, ಗುಂಡಿಯ ಆಕಾರ ಎಲ್ಲ ಬರೆದುಕೊಂಡರು. ಹತ್ತಾರು ವರ್ಷ, ನೂರಾರು ಪಿಸ್ತೂಲು. ನಂಬರಿನ ಸಾಲಿನಲ್ಲಿ ಜೋಡಿಸಿದಾಗ ಬದಲಾವಣೆ ಎಲ್ಲಿ ಬಂತು ಎಂದು ತಾನಾಗಿ ಕಂಡಿತು. ನಂಬರಿನ ಹಿಂದೆ ಕೆಲವೊಮ್ಮೆ ವೃತ್ತದೊಳಗೆ ಒಂದು ಜಪಾನಿ ಅಕ್ಷರ ಇರುತ್ತದೆ, ಅದು ಯಾವ ಸರಣಿ ಎಂದು ಹೇಳುತ್ತದೆ. ಅ ಆ ಇ ಈ ಕ್ರಮದಂತೆ ಅವರಿಗೆ ಇ ರೊ ಹ ಎಂಬ ಹಳೆಯ ಕ್ರಮವಿದೆ. ಸರಣಿ ನೋಡದೆ ಬರೀ ನಂಬರು ನೋಡಿ ಎರಡು ಪಿಸ್ತೂಲುಗಳನ್ನು ಹೋಲಿಸಿದವರು ತುಂಬ ಸಲ ಎಡವಿದ್ದಾರೆ.

ನನಗೆ ಇದನ್ನು ಕಲಿಸಿದವರು ಒಬ್ಬ ಹಿರಿಯ ಸಂಗ್ರಾಹಕರು, ವೃತ್ತಿಯಲ್ಲಿ ಲೇತ್ ಕೆಲಸಗಾರರು. ಒಂದು ಪ್ರದರ್ಶನದಲ್ಲಿ ಎರಡು ಟೈಪ್ 14ಗಳನ್ನು ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು, ‘ಕಣ್ಣು ಮುಚ್ಚಿ ಹಿಂದಿನ ಗುಂಡಿ ಮುಟ್ಟು’ ಎಂದರು. ಒಂದಕ್ಕೆ ಉಂಗುರದಂತೆ ಆಳವಾದ ತೋಡುಗಳು, ಬೆರಳು ಅದರಲ್ಲಿ ಕೂರುತ್ತದೆ. ಇನ್ನೊಂದು ಸಾದಾ ಸಿಲಿಂಡರ್, ಮೇಲೆ ಸಣ್ಣ ತರಿತರಿ ಅಷ್ಟೇ. ‘ಈ ತೋಡುಗಳನ್ನು ಕೊರೆಯಲು ಲೇತ್ ಮೇಲೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು. 1944ರಲ್ಲಿ ಅವರ ಬಳಿ ಆ ಹೊತ್ತು ಇರಲಿಲ್ಲ’ ಎಂದರು. ಅದೇ ಮಾತು ಹಿಡಿಯ ಮರಕ್ಕೂ. ಮೊದಲಿನ ಹಿಡಿಗಳಲ್ಲಿ ಅಡ್ಡ ಗೆರೆಗಳನ್ನು ಸಾಲಾಗಿ ಕೊರೆದಿದ್ದರು, ಯುದ್ಧದ ಕೊನೆಯ ತಿಂಗಳುಗಳಲ್ಲಿ ಗೆರೆಯಿಲ್ಲದ ಬೋಳು ಮರ ಬಂತು. ಪಿಸ್ತೂಲು ಇಡುವ ಚರ್ಮದ ಚೀಲದ ಬದಲು ರಬ್ಬರ್ ಸವರಿದ ಕ್ಯಾನ್ವಾಸ್ ಚೀಲ ಬಂತು. ಟ್ರಿಗರ್, ಸೇಫ್ಟಿಯಂಥ ಸಣ್ಣ ತುಂಡುಗಳಿಗೆ ಮೊದಲ ವರ್ಷಗಳಲ್ಲಿ ಕಾಯಿಸಿ ತಂದ ಒಣಹುಲ್ಲಿನ ಹೊಂಬಣ್ಣವಿತ್ತು, ಅದೂ ಮುಂದೆ ಮಾಯವಾಯಿತು. ನಿಮ್ಮದರ ಗುಂಡಿಗೆ ತೋಡುಗಳಿವೆ, ಹಿಡಿಗೆ ಗೆರೆಗಳಿವೆ. 1943ರ ಅಕ್ಟೋಬರ್‌ಗೆ ಎರಡೂ ಸರಿ.

ಈಗ ಮ್ಯಾಗಜೀನ್. ಮೊದಲಿನ ಮ್ಯಾಗಜೀನ್‌ಗಳಿಗೆ ನಿಕಲ್ ಲೇಪ ಇತ್ತು, ಬೆಳ್ಳಗೆ ಹೊಳೆಯುತ್ತಿದ್ದವು. ಆಮೇಲಿನವು ಕಪ್ಪು. ಹಿಡಿಯ ಸ್ಪ್ರಿಂಗ್ ಬಂದ ಮೇಲೆ ಅದು ಕಚ್ಚಿ ಹಿಡಿಯಲು ಮ್ಯಾಗಜೀನ್ ಮುಂಭಾಗದಲ್ಲಿ ಒಂದು ಕಚ್ಚು ಕೊಟ್ಟರು. ನಿಮ್ಮ ಫೋಟೋದ ಮ್ಯಾಗಜೀನ್‌ನಲ್ಲಿ ಆ ಕಚ್ಚು ಇಲ್ಲ. ಅಂದರೆ ಅದು ಸ್ಪ್ರಿಂಗ್ ಬರುವುದಕ್ಕೂ ಮೊದಲಿನ ಕಾಲದ್ದು, ಬೇರೆ ಪಿಸ್ತೂಲಿನದು. ಮ್ಯಾಗಜೀನ್ ಮೇಲೆ ಪಿಸ್ತೂಲಿನ ನಂಬರಿನ ಕೊನೆಯ 3 ಅಂಕಿ ಹೊಡೆಯುತ್ತಿದ್ದರು. ಅದೂ ಹೊಂದುತ್ತಿಲ್ಲ. ಫೈರಿಂಗ್ ಪಿನ್ ಬೇರೆಯಾಗಿರುವುದಕ್ಕೆ ಕಾರಣ ಇನ್ನೂ ಸರಳ. ಈ ಪಿಸ್ತೂಲಿನ ಪಿನ್ ಮುರಿಯುತ್ತಿತ್ತು, ಸ್ಪ್ರಿಂಗ್ ಸೋಲುತ್ತಿತ್ತು. ಅದು ಎಷ್ಟು ಮಾಮೂಲಿ ಎಂದರೆ ಚರ್ಮದ ಚೀಲದಲ್ಲೇ ಇನ್ನೊಂದು ಪಿನ್ ಇಡಲು ಪುಟ್ಟ ಜೇಬು ಹೊಲಿದಿದ್ದರು. ಬಳಸಿದ ಪಿಸ್ತೂಲಿಗೆ ಪಿನ್ ಬದಲಾಗಿರುವುದು ದೋಷವಲ್ಲ, ಅದು ಕೆಲಸ ಮಾಡಿದ ಪಿಸ್ತೂಲು ಎನ್ನುವುದಕ್ಕೆ ಗುರುತು.

ಮ್ಯಾಗಜೀನ್ ಹೇಗೆ ಬದಲಾಯಿತು? ಇಲ್ಲಿ ನಾನು ಆಗಲೇ ಹೇಳಿದ ತೊಡಕಿಗೆ ಬರಬೇಕು.

ಗ್ವಾಡಲ್‌ಕೆನಾಲ್ ಯುದ್ಧ ಶುರುವಾದದ್ದು 1942ರ ಆಗಸ್ಟ್ 7ಕ್ಕೆ. ಮುಗಿದದ್ದು 1943ರ ಫೆಬ್ರವರಿಯಲ್ಲಿ. ನಿಮ್ಮ ಪಿಸ್ತೂಲು ಕಾರ್ಖಾನೆಯಿಂದ ಹೊರಬಿದ್ದದ್ದು ಆಮೇಲೆ ಎಂಟು ತಿಂಗಳಿಗೆ. ಆ ಯುದ್ಧದಲ್ಲಿ ಯಾವ ಅಧಿಕಾರಿಯ ಸೊಂಟದಲ್ಲೂ ಇದು ಇರಲು ಸಾಧ್ಯವಿಲ್ಲ.

ದಯವಿಟ್ಟು ಇದನ್ನು ಆ ಅಜ್ಜಿಯ ತಂದೆ ಸುಳ್ಳು ಹೇಳಿದರು ಎಂದು ತೆಗೆದುಕೊಳ್ಳಬೇಡಿ. 1ನೇ ಮರೀನ್ ಡಿವಿಜನ್ ಗ್ವಾಡಲ್‌ಕೆನಾಲ್‌ನಲ್ಲಿ ಹೋರಾಡಿದ್ದು ನಿಜ. ಅಲ್ಲಿಗೇ ನಿಲ್ಲಲಿಲ್ಲ. 1943ರ ಡಿಸೆಂಬರ್‌ನಲ್ಲಿ ಕೇಪ್ ಗ್ಲೌಸ್ಟರ್, 1944ರ ಸೆಪ್ಟೆಂಬರ್‌ನಲ್ಲಿ ಪೆಲೆಲಿಯು, 1945ರ ಏಪ್ರಿಲ್‌ನಿಂದ ಓಕಿನಾವಾ. ಯುದ್ಧ ಮುಗಿದ ಮೇಲೆ ಅದೇ ಡಿವಿಜನ್ ಉತ್ತರ ಚೀನಾದ ಟಿಯಾಂಜಿನ್ ಕಡೆ ಹೋಯಿತು, ಅಲ್ಲಿದ್ದ ಜಪಾನಿ ಪಡೆಗಳನ್ನು ಶರಣು ಮಾಡಿಸಿಕೊಳ್ಳಲು. ಶರಣಾದವರು ಆಯುಧ ಒಪ್ಪಿಸುವಾಗ ಪಿಸ್ತೂಲು ಒಂದು ರಾಶಿ, ಮ್ಯಾಗಜೀನ್ ಒಂದು ರಾಶಿ, ಚೀಲ ಇನ್ನೊಂದು ರಾಶಿ. ಸೈನಿಕರು ನೆನಪಿಗೆ ಎಂದು ಆರಿಸಿಕೊಳ್ಳುವಾಗ ನಂಬರು ಯಾರು ನೋಡುತ್ತಾರೆ? ಕೈಗೆ ಸಿಕ್ಕ ಮ್ಯಾಗಜೀನ್ ತುರುಕಿ ನೋಡಿದರು, ಕೂತಿತು, ಚೀಲಕ್ಕೆ ಹಾಕಿಕೊಂಡರು. ನಾನು ನೋಡಿದ ಹೊಂದದ ಮ್ಯಾಗಜೀನ್‌ಗಳಲ್ಲಿ ಹೆಚ್ಚಿನವು ಹೀಗೇ ಆದದ್ದು ಎಂದು ನನ್ನ ಅಂದಾಜು. ನಿಮ್ಮದು ಹೀಗೇ ಬಂತು ಎಂದು ಪ್ರಮಾಣ ಮಾಡಲಾರೆ, ಆದರೆ 1943ರ ಕೊನೆಯ ಪಿಸ್ತೂಲು, ಹಳೆ ಕಾಲದ ಮ್ಯಾಗಜೀನ್, ಆ ಡಿವಿಜನ್, ಮೂರೂ ಒಂದು ಕಡೆ ಸೇರುತ್ತವೆ.

ಆ ಅಜ್ಜಿಯ ಅಪ್ಪ ಊಟದ ಹೊತ್ತಿಗೆ ಗ್ವಾಡಲ್‌ಕೆನಾಲ್ ಬಗ್ಗೆ ಎರಡು ಮಾತಾಡಿದ್ದಿರಬಹುದು. ಗೂಡಿನಲ್ಲಿ ಪಿಸ್ತೂಲಿತ್ತು. ಮಕ್ಕಳ ಮನಸ್ಸಿನಲ್ಲಿ ಎರಡೂ ಒಂದಾದವು. ಮನೆಮನೆಯಲ್ಲೂ ಆಗುವುದೇ ಅಲ್ವಾ? ಖಚಿತ ಬೇಕಿದ್ದರೆ ಆ ಅಜ್ಜಿ ತಮ್ಮ ತಂದೆಯ ಸೇವಾ ದಾಖಲೆಗೆ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಅರ್ಜಿ ಹಾಕಬಹುದು. 1973ರ ಬೆಂಕಿಯಲ್ಲಿ ಅಲ್ಲಿ ಸುಟ್ಟುಹೋದದ್ದು ಭೂಸೇನೆ ಮತ್ತು ವಾಯುಸೇನೆಯ ಕಡತಗಳು. ಮರೀನ್‌ಗಳದು ಉಳಿದಿವೆ. ಯಾವ ತಿಂಗಳು ಎಲ್ಲಿದ್ದರು ಎಂದು ಅದರಲ್ಲಿ ಸಿಗುತ್ತದೆ. ಮನೆಯ ಹಳೆ ಪೆಟ್ಟಿಗೆಗಳಲ್ಲಿ ಒಂದು ಸಣ್ಣ ಟೈಪ್ ಮಾಡಿದ ಚೀಟಿಗೂ ಹುಡುಕಲು ಹೇಳಿ. ವಶಪಡಿಸಿಕೊಂಡ ಆಯುಧ ಮನೆಗೆ ಒಯ್ಯಲು ಮೇಲಧಿಕಾರಿ ಸಹಿ ಮಾಡಿ ಕೊಡುತ್ತಿದ್ದ ಅನುಮತಿ ಚೀಟಿ ಅದು. ಅದು ಸಿಕ್ಕರೆ, ನಂಬರು ಹೊಂದಿದ ಮ್ಯಾಗಜೀನ್‌ಗಿಂತ ಅದರ ಬೆಲೆ ನನಗೆ ಜಾಸ್ತಿ.

ಹಾಗಾದರೆ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಏನೂ ಬದಲಾಯಿಸುವುದಿಲ್ಲ. ಮ್ಯಾಗಜೀನ್ ಹೊಂದದೇ ಇರುವುದರಿಂದ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯಾಗುತ್ತದೆ, ನಿಜ. ಅದನ್ನು ಒಪ್ಪಿಕೊಳ್ಳಿ. 1943ಕ್ಕೆ ಹೊಂದುವ ಕಚ್ಚಿನ ಮ್ಯಾಗಜೀನ್ ಒಂದನ್ನು ಕೊಂಡು ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಹಳೆಯದನ್ನು ಎಸೆಯಬೇಡಿ, ಮಾರಲೂ ಬೇಡಿ. ಆ ಬೆಳ್ಳನೆಯ ಮ್ಯಾಗಜೀನ್ ಈ ಪಿಸ್ತೂಲಿನ ಜೊತೆ ಪೆಸಿಫಿಕ್ ದಾಟಿ ಬಂದದ್ದು.

ನಂಬರು ಹೊಡೆದು ಕೊಡುತ್ತೇನೆ ಎಂದವರ ಅಂಗಡಿಗೆ ಮತ್ತೆ ಹೋಗಬೇಡಿ. ಅದು ರಿಪೇರಿ ಅಲ್ಲ, ಮೋಸ. ಮುಂದೆ ಕೊಳ್ಳುವವರು ಭೂತಗನ್ನಡಿಯಲ್ಲಿ ನೋಡಿದರೆ ಸಿಕ್ಕಿಬೀಳುತ್ತದೆ. ಹೊಸ ಅಂಕಿಯ ಸುತ್ತ ಲೋಹ ಉಬ್ಬಿರುತ್ತದೆ, ಅಂಚಿನಲ್ಲಿ ಹಳೆ ಲೇಪ ಒಡೆದಿರುತ್ತದೆ, ಅಂಕಿಯ ತಳದಲ್ಲಿ ಎಂಬತ್ತು ವರ್ಷದ ಕೊಳೆ ಇರುವುದಿಲ್ಲ. ಆಮೇಲೆ ನಿಮ್ಮ ಅಸಲಿ ಪಿಸ್ತೂಲನ್ನೂ ಯಾರೂ ನಂಬುವುದಿಲ್ಲ.

ಬ್ಲೂಯಿಂಗ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬಣ್ಣ ಹಾಕುವ ಮೊದಲು ಲೋಹವನ್ನು ಉಜ್ಜಿ ಹೊಳಪು ತರುತ್ತಾರೆ. ಆ ಉಜ್ಜುವಿಕೆಯಲ್ಲಿ ತಾರೀಖಿನ ಅಂಚು ಹೋಗುತ್ತದೆ, ಸಣ್ಣ ತಪಾಸಣೆ ಮುದ್ರೆಗಳು ಹೋಗುತ್ತವೆ, 1943ರಲ್ಲಿ ಅವಸರದಲ್ಲಿ ಕೆಲಸ ಮಾಡಿದ ಕೈಯ ಉಪಕರಣದ ಗೆರೆಗಳು ಹೋಗುತ್ತವೆ. ನಾವು ಓದಬೇಕಾದದ್ದು ಆ ಗೆರೆಗಳನ್ನೇ. ಒಮ್ಮೆ ಹೋದರೆ ಯಾವ ತಜ್ಞನೂ ಮರಳಿ ತರಲಾರ. ಬೆಲೆಯೂ ದೊಪ್ಪನೆ ಬೀಳುತ್ತದೆ.

ನೋಡಿಕೊಳ್ಳುವುದು ಕಷ್ಟವಿಲ್ಲ. ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ಬಂದೂಕಿನ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ. ಹಿಡಿಯ ಮರಕ್ಕೆ ಎಣ್ಣೆ ತಾಗದಿರಲಿ. ಸಣ್ಣ ತುಕ್ಕಿದ್ದರೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಮೆತ್ತಗೆ ಒರೆಸಿ, ಉಕ್ಕಿನ ನಾರು ಮುಟ್ಟಬೇಡಿ. ಚರ್ಮದ ಚೀಲದಲ್ಲಿಟ್ಟು ಮರೆತುಬಿಡಬೇಡಿ. ಚರ್ಮ ತೇವ ಹೀರಿಕೊಂಡು ಲೋಹಕ್ಕೆ ಅಂಟಿಸುತ್ತದೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಚೀಲದ ಹೊಲಿಗೆಯ ಆಕಾರದಲ್ಲೇ ತುಕ್ಕು ಮೂಡಿರುತ್ತದೆ. ಪಿಸ್ತೂಲು ಬೇರೆ, ಚೀಲ ಬೇರೆ, ಎರಡೂ ಒಣ ಜಾಗದಲ್ಲಿ, ಬೀಗದೊಳಗೆ.

ಹಾರಿಸುವ ಪ್ರಶ್ನೆ. ನನ್ನ ಸಲಹೆ ಬೇಡ ಎಂದೇ. ಇದಕ್ಕೆ ಬೇಕಾದ 8 ಮಿಲಿಮೀಟರ್ ನಂಬು ಗುಂಡನ್ನು ಈಗಲೂ ಕೆಲವರು ಮಾಡುತ್ತಾರೆ, ಹಾಗಾಗಿ ಆಸೆ ಆಗುತ್ತದೆ. ಆದರೆ ಪಿನ್ ಮುರಿದರೆ ಅಸಲಿ ಪಿನ್ ಸಿಗುವುದು ಕಷ್ಟ. ಸ್ಪ್ರಿಂಗ್‌ಗಳು ದಣಿದಿವೆ. ಬೋಲ್ಟನ್ನು ನಳಿಗೆಗೆ ಬೀಗ ಹಾಕುವ ಒಂದು ಸಣ್ಣ ತುಂಡಿದೆ, ನಳಿಗೆಯ ಕೆಳಗೆ. ಹತ್ತಾರು ಜನ ಬಿಚ್ಚಿ ಜೋಡಿಸಿದ ಪಿಸ್ತೂಲಿನಲ್ಲಿ ಆ ತುಂಡು ಇದೆಯೋ, ಸರಿಯಾಗಿ ಕೂತಿದೆಯೋ ಎಂದು ಅನುಭವಿ ಬಂದೂಕು ಮೆಕ್ಯಾನಿಕ್ ನೋಡದೆ ಗುಂಡು ಹಾಕುವುದು ಅಪಾಯ. ಹಾರಿಸಲೇಬೇಕು ಎನಿಸಿದರೆ, ನೋಡಿಸಿದ ಮೇಲೆ, ಮ್ಯಾಗಜೀನ್‌ಗೆ ಒಂದೇ ಗುಂಡು ಹಾಕಿ, ಒಂದೆರಡು ಸಲಕ್ಕೆ ನಿಲ್ಲಿಸಿ. ಇನ್ನೊಂದು ವಿಷಯ. ಎಷ್ಟೋ ಕನ್ನಡದವರು ಎಚ್-1ಬಿಯಂಥ ವೀಸಾದಲ್ಲಿ ಅಮೆರಿಕದಲ್ಲಿದ್ದಾರೆ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ಸರಿ. ಅಂಥ ತಾತ್ಕಾಲಿಕ ವೀಸಾದವರು ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಅಪರಾಧ, ಅದು ಹಳೆ ನೆನಪಿನ ವಸ್ತುವಾದರೂ. ಗೆಳೆಯರ ಕೈಗೆ ‘ಒಂದು ವಾರ ಇಟ್ಕೊಳ್ಳಿ’ ಎಂದು ಕೊಡಬೇಡಿ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಜನ ಕೇಳುವ ಕೆಲವು ಮಾತು. ನಂಬು ಎಂದರೆ ಜರ್ಮನಿಯ ಲೂಗರ್‌ನ ನಕಲು ಎನ್ನುತ್ತಾರೆ. ಹೊರಗಿನ ಓರೆ ಹಿಡಿ, ತೆಳ್ಳನೆಯ ನಳಿಗೆ ನೋಡಿ ಹಾಗನಿಸುತ್ತದೆ. ಒಳಗೆ ಬಿಚ್ಚಿದರೆ ಲೂಗರ್‌ನ ಮಡಚುವ ಮೊಣಕಾಲಿನಂಥ ಭಾಗ ಇಲ್ಲವೇ ಇಲ್ಲ. ಟೈಪ್ 94ನ್ನು ಆತ್ಮಹತ್ಯೆ ಪಿಸ್ತೂಲು ಎನ್ನುತ್ತಾರೆ. ಅದರ ಎಡಗಡೆ ಹೊರಗೆ ಕಾಣುವ ಒಂದು ಪಟ್ಟಿ ಇದೆ, ಸೇಫ್ಟಿ ತೆಗೆದಿದ್ದಾಗ ಅದನ್ನು ಒತ್ತಿದರೆ ಗುಂಡು ಹಾರಬಹುದು. ಅದು ವಿನ್ಯಾಸದ ದೋಷ, ನಿಜವಾದ ಅಪಾಯ. ಶರಣಾಗುವ ನೆಪದಲ್ಲಿ ಕೊಲ್ಲಲೆಂದೇ ಹಾಗೆ ಮಾಡಿದರು ಎನ್ನುವುದು ಕಟ್ಟುಕಥೆ. ಇನ್ನು ಅಜ್ಜ, ಅಪ್ಪ, ಕೂಸು ನಂಬು ಎಂಬ ಹೆಸರುಗಳೂ ಅಮೆರಿಕದ ಸಂಗ್ರಾಹಕರು ಇಟ್ಟದ್ದೇ, ಟೈಪ್ 14ಕ್ಕಿಂತ ಹಿಂದಿನ ಮಾದರಿಗಳಿಗೆ. ಕೂಸು 7 ಮಿಲಿಮೀಟರಿನದು, ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದದ್ದು. ಅಂಥ ಒಂದು ಕೂಸನ್ನು 1945ರಲ್ಲಿ ಮರಳಿ ಬಂದ ಮರೀನ್ ಒಬ್ಬನಿಂದ ಅಮೆರಿಕದ ಬಂದೂಕು ತಯಾರಕ ಬಿಲ್ ರೂಗರ್ ಕೊಂಡರು. 1949ರಲ್ಲಿ ಅವರ ಕಂಪನಿ ತಂದ ಮೊದಲ ಪಿಸ್ತೂಲಿನ ರೂಪದಲ್ಲಿ ನಂಬುವಿನ ಛಾಯೆ ಇವತ್ತಿಗೂ ಕಾಣುತ್ತದೆ.

ಕೊನೆಗೆ ಊರಿಗೆ ತರುವ ಮಾತು. ತರಬೇಡಿ. ಕೆಲಸ ಮಾಡುವ ಸ್ಥಿತಿಯ ಪಿಸ್ತೂಲು ಎಷ್ಟೇ ಹಳೆಯದಾದರೂ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು. ಸೂಟ್‌ಕೇಸಿನಲ್ಲಿ ಮ್ಯಾಗಜೀನ್ ಒಂದನ್ನೇ ಇಟ್ಟರೂ ವಿಮಾನ ನಿಲ್ದಾಣದಲ್ಲಿ ನಿಮ್ಮ ರಜೆ ಮುಗಿದಂತೆ. ಬೆಳಗಾವಿ ಕಡೆಯಿಂದ ನನಗೆ ಆಗಾಗ ಇಂಥ ಪ್ರಶ್ನೆ ಬರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್ ಯುದ್ಧದ ನಂತರ ಜಪಾನಿನಲ್ಲೇ ಕಾವಲು ಪಡೆಯಲ್ಲಿತ್ತು, ಹಾಗಾಗಿ ಕೆಲವು ಮನೆಗಳಲ್ಲಿ ಜಪಾನಿ ಚೀಲ, ಬೆಲ್ಟು, ಬಯೋನೆಟ್ ಉಳಿದಿವೆ. ಅವರಿಗೂ ಹೇಳುವುದು ಇದನ್ನೇ: ಟ್ರಂಕಿನಲ್ಲಿ ಪಿಸ್ತೂಲು ಸಿಕ್ಕರೆ ಮೊದಲು ವಕೀಲರ ಜೊತೆ ಮಾತಾಡಿ ಠಾಣೆಗೆ ತಿಳಿಸಿ, ಆಮೇಲೆ ಉಳಿದದ್ದು.

ನಿಮ್ಮ ಅಪ್ಪನಿಗೆ ಫೋಟೋ ಒಯ್ಯಿರಿ. ಕಿಟಕಿಯ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ, ಎರಡೂ ಬದಿ ತೆಗೆಯಿರಿ. ಬಲಗಡೆಯ 18.10 ಓದುವಷ್ಟು ಹತ್ತಿರದಿಂದ ಒಂದು, ಬೆಂಕಿ ಮತ್ತು ಕ್ಷೇಮದ ಅಕ್ಷರಗಳು ಕಾಣುವಂತೆ ಒಂದು, ಮ್ಯಾಗಜೀನ್‌ನ ಆ ಬೇರೆ 3 ಅಂಕಿಗಳದೂ ಒಂದು. ಹೊರಡುವ ಮೊದಲು ಆ ಅಜ್ಜಿಯ ಮುಂದೆ ಫೋನ್ ಇಟ್ಟು, ಅವರ ತಂದೆಯ ಬಗ್ಗೆ ಅವರು ಹೇಳುವುದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಿ, ಗ್ವಾಡಲ್‌ಕೆನಾಲ್ ಕಥೆಯನ್ನೂ ಸೇರಿಸಿ.